ಮೂರು ಐವತ್ತರ ತಲಬು

ನನ್ನ ಎಡ ತೋಳಿನ ಒಳಮಗ್ಗುಲಲ್ಲಿ, ಚರ್ಮದ ಕೆಳಗೆ, ಅರ್ಧ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಇದೆ. ಅದರ ಸರ್ಕಾರಿ ಹೆಸರು ಉದ್ದವಾದದ್ದು, ಕಾಗದಪತ್ರದಲ್ಲಿ ಮಾತ್ರ ಬಳಕೆಯಾಗುತ್ತದೆ. ನಮ್ಮ ಹುಬ್ಬಳ್ಳಿಯ ರೋಗಿಗಳೆಲ್ಲ ಅದನ್ನು ಮನೆಅಳಿಯ ಎನ್ನುತ್ತೇವೆ. ಒಮ್ಮೆ ಒಳಗೆ ಬಂದರೆ ಹೊರಡುವ ಮಾತಿಲ್ಲ, ಮೂರು ತಿಂಗಳಿಗೊಮ್ಮೆ ಹೊಟ್ಟೆ ತುಂಬಿಸಬೇಕು, ಎದುರು ಮಾತಾಡುವಂತಿಲ್ಲ. ಆ ಹೆಸರು ಇಟ್ಟವನು ನನ್ನ ಜೊತೆಯ ರೋಗಿ ಮೆಹಬೂಬ. ಅವನು ಈಗಿಲ್ಲ.

ಡಬ್ಬಿಯೊಳಗೆ ಇರುವುದು ಮೆಥಡೋನ್. ಅದೂ ಅಫೀಮಿನ ಬಳಗದ ಔಷಧವೇ, ಆದರೆ ನಿಧಾನದ್ದು. ಸರಿಯಾದ ಪ್ರಮಾಣದಲ್ಲಿ ಅದು ನಶೆ ಏರಿಸುವುದಿಲ್ಲ, ನಶೆ ಬಿಟ್ಟವನಿಗೆ ಬರುವ ಸಂಕಟವನ್ನೂ ಬರಗೊಡುವುದಿಲ್ಲ. ಕೂದಲಿನಷ್ಟು ತೆಳ್ಳಗಿನ ಸೂಜಿಯೊಂದು ಅದನ್ನು ಹಗಲೂ ರಾತ್ರಿ ಒಂದೇ ಸಮ ಮೈಗೆ ಬಿಡುತ್ತಿರುತ್ತದೆ. ಡಬ್ಬಿಯ ಬೆನ್ನಿಗಿರುವ ತಗಡು ಎದೆಬಡಿತ, ಉಸಿರು, ಬೆವರು, ಮೈಬಿಸಿ ಎಲ್ಲವನ್ನೂ ಅಳೆದು ನನ್ನ ಫೋನಿನ ಮೂಲಕ ಆಸ್ಪತ್ರೆಯ ಎರಡನೇ ಮಹಡಿಯ ನಿಗಾ ಕೋಣೆಗೆ ಕಳಿಸುತ್ತದೆ. ತಲಬು ಬಂದರೆ, ಅಂದರೆ ಹಳೆಯ ನಶೆಗುಳಿಗೆಯ ಹಂಬಲ ಮೈಯಲ್ಲಿ ಎದ್ದರೆ, ತೋಳಿನ ಮೇಲೆ ಬೆರಳಿನಿಂದ ಮೂರು ಸಲ ಬಡಿಯಬೇಕು. ಅಲ್ಲಿಯ ಯಂತ್ರ ನಮ್ಮ ರೇಖೆಗಳನ್ನು ನೋಡಿ, ತಲಬು ಹೌದು, ಒಂದು ಹೆಚ್ಚುಹನಿ ಕೊಡಬಹುದು ಎಂದು ಬರೆಯುತ್ತದೆ. ಕೊಡುವ ಗುಂಡಿಯನ್ನು ಮಾತ್ರ ಮನುಷ್ಯರೇ ಒತ್ತಬೇಕೆಂದು ನಿಯಮವಿದೆ. ಈ ಕಥೆ ಆ ಗುಂಡಿಯದ್ದು.

ನಾನು ಗುರುಸಿದ್ದಪ್ಪ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಒಂದು ವ್ಯಾಗನ್ನಿನ ಬಾಗಿಲು ಕಳಚಿ ಹೆಗಲ ಮೇಲೆ ಬಿತ್ತು. ನೋವಿಗೆ ಅಫೀಮಿನ ಬಳಗದ ಗುಳಿಗೆ ಕೊಟ್ಟರು. ಹೆಗಲು ಆರು ತಿಂಗಳಲ್ಲಿ ವಾಸಿಯಾಯಿತು, ಗುಳಿಗೆ ಆರು ವರ್ಷ ಬಿಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದು ಹಿಡಿ, ಮಧ್ಯಾಹ್ನ ಚಹಾದ ಬಿಡುವಿನಲ್ಲಿ, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ, ಇನ್ನೊಂದು ಹಿಡಿ. ನನ್ನ ಹೆಂಡತಿ ಮಹಾದೇವಿ ನನ್ನನ್ನು ರಟ್ಟೆ ಹಿಡಿದು ಆಸ್ಪತ್ರೆಗೆ ಕರೆತಂದಾಗ ನಾನು ನಲವತ್ತೆಂಟು ಕಿಲೋ ಇದ್ದೆ.

ಆಗ ಡಬ್ಬಿ ಇನ್ನೂ ಬಂದಿರಲಿಲ್ಲ. ದಿನಾ ಬೆಳಿಗ್ಗೆ ಕಿಟಕಿಯ ಮುಂದೆ ಸಾಲು ನಿಲ್ಲಬೇಕಿತ್ತು. ಎಸ್ತರ್ ಸಿಸ್ಟರ್ ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಮೆಥಡೋನ್ ಹುಯ್ದು ಕೊಡುತ್ತಿದ್ದರು. ಕುಡಿದ ಮೇಲೆ ಅವರ ಎದುರಿಗೇ ಏನಾದರೂ ಮಾತಾಡಬೇಕು. ಬಾಯಲ್ಲಿ ಇಟ್ಟುಕೊಂಡು ಹೊರಗೆ ಹೋಗಿ ಇನ್ನೊಬ್ಬನಿಗೆ ಕೊಡಬಾರದಲ್ಲ, ಅದಕ್ಕೆ. ದಿನಾ ಮಾತಾಡುವುದೇನು? ಹಾಗಾಗಿ ಮನೆಯಲ್ಲಿ ಏನು ಅಡಿಗೆ ಎಂದು ಹೇಳುವುದು ರೂಢಿಯಾಯಿತು. ನಾನು ರೊಟ್ಟಿ, ಪುಂಡಿಪಲ್ಯ ಎನ್ನುತ್ತಿದ್ದೆ. ಮೆಹಬೂಬ ವಾರದ ಏಳೂ ದಿನ ಬಿರಿಯಾನಿ ಎನ್ನುತ್ತಿದ್ದ, ಸಿಸ್ಟರ್ ಏಳೂ ದಿನ ನಂಬುತ್ತಿದ್ದರು. ನಾಲ್ಕು ವರ್ಷ ಹೀಗೆ ನಡೆಯಿತು. ಮನೆಅಳಿಯ ಬಂದ ಮೇಲೆ ಸಾಲಿನ ತೊಂದರೆ ತಪ್ಪಿತು, ಊರಿಗೆ ಹೋಗಿಬರಲು ಯಾರನ್ನೂ ಕೇಳಬೇಕಾಗಿಲ್ಲ. ನಾವು ಏನು ಉಂಡೆವು ಎಂದು ಕೇಳುವವರೂ ತಪ್ಪಿದರು. ಎಸ್ತರ್ ಸಿಸ್ಟರನ್ನು ಮೇಲಿನ ನಿಗಾ ಕೋಣೆಗೆ ಹಾಕಿದರು.

ಮೆಥಡೋನ್ ಮೇಲೆ ಇರುವುದು ಹೇಗಿರುತ್ತದೆ ಎಂದು ಜನ ಕೇಳುತ್ತಾರೆ. ಹೇಗೂ ಇರುವುದಿಲ್ಲ, ಅದೇ ಅದರ ಗುಣ. ಬೆವರು ಹೆಚ್ಚು, ಮಲಬದ್ಧತೆ, ಮಧ್ಯಾಹ್ನ ಕೂತಲ್ಲೇ ಜೋಂಪು. ಮಗಳು ಲೀಲಾಳ ಶಾಲೆಯ ಸಭೆಯಲ್ಲಿ ನಾನು ತೂಕಡಿಸಿ ಮುಂದಿನ ಕುರ್ಚಿಗೆ ಹಣೆ ಬಡಿಸಿಕೊಂಡಿದ್ದೇನೆ. ಹಲ್ಲುನೋವಿಗೆ ಹೋದರೂ ಡಾಕ್ಟರು ಮೊದಲು ತೋಳಿನ ಉಬ್ಬು ನೋಡುತ್ತಾರೆ, ಆಮೇಲೆ ಹಲ್ಲಿನ ವಿಷಯ ಯಾರೂ ಎತ್ತುವುದಿಲ್ಲ. ಬೀಗರ ಮನೆಗೆ ಹೋದರೆ ಔಷಧದ ಡಬ್ಬಿಗಳು ಕಪಾಟು ಸೇರುತ್ತವೆ. ಮೆಹಬೂಬನಿಗೆ ಅದು ಸಹಿಸಲಾಗಲಿಲ್ಲ. ತೋಳಿನಲ್ಲಿ ಅಫೀಮು ಇಟ್ಟುಕೊಂಡವನು ನಶೆ ಬಿಟ್ಟವನು ಹೇಗಾಗುತ್ತಾನೆ ಎಂದು ಅವನ ಅಣ್ಣಂದಿರು ಕೇಳಿದರು, ಅವನು ಡಬ್ಬಿ ತೆಗೆಸಿದ. ಮೂರು ವಾರ ತಡೆದ. ನಾಲ್ಕನೇ ವಾರ ಎಲ್ಲಿಂದಲೋ ಗುಳಿಗೆ ಸಿಕ್ಕವು, ಮೊದಲು ತಿನ್ನುತ್ತಿದ್ದಷ್ಟೇ ತಿಂದ. ಅಷ್ಟನ್ನು ತಡೆಯುವ ಶಕ್ತಿ ಅವನ ಮೈಗೆ ಆಗ ಉಳಿದಿರಲಿಲ್ಲ. ಅವನ ಮಣ್ಣಿಗೆ ಹೋಗಿ ಬಂದು ನಾನು ಊಟ ಮಾಡಿ ಮಲಗಿದೆ.

ಮಹಾದೇವಿ ಹೋದದ್ದು ಒಂದು ಮಂಗಳವಾರ. ಬಟ್ಟೆ ಹಿಂಡುತ್ತಿದ್ದವಳು ತಲೆ ನೋಯುತ್ತದೆ ಎಂದು ಕಟ್ಟೆಯ ಮೇಲೆ ಕೂತಳು. ಸಂಜೆಯೊಳಗೆ ಎಲ್ಲ ಮುಗಿಯಿತು. ಮಿದುಳಿನಲ್ಲಿ ನರ ಒಡೆದಿದೆ ಎಂದರು.

ಮರುದಿನ ಅವಳನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿದರು. ಹೆಂಗಸರು ಸುತ್ತ ಕೂತು ಹಾಡ್ಯಾಡಿ ಅಳತೊಡಗಿದರು. ನಮ್ಮಲ್ಲಿ ಸುಮ್ಮನೆ ಅಳುವುದಿಲ್ಲ, ಸತ್ತವರ ಒಂದೊಂದು ಗುಣ ಎತ್ತಿ ಹೇಳಿಕೊಂಡು ಅಳುತ್ತಾರೆ. ಅವಳ ರೊಟ್ಟಿ, ಅವಳ ಮಾತು, ಅವಳು ಕೊಟ್ಟ ಕುಬಸದ ಬಟ್ಟೆ, ಗುಳಿಗೆಯ ಗಂಡನನ್ನು ಅವಳು ಎಳೆದು ತಂದದ್ದು, ಎಲ್ಲ ಬಂತು. ನಡುವೆ ಒಮ್ಮೆ ಎಲ್ಲರೂ ನಿಲ್ಲಿಸಿ ಗಂಡನ ಕಡೆ ನೋಡುತ್ತಾರೆ. ಅದು ಅವನ ಸರದಿ. ಅವರು ನಿಲ್ಲಿಸಿದರು. ನಾನು ಎದ್ದು ಅಂಗಳಕ್ಕೆ ಹೋಗಿ, ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಜೋಡಿಸಿದೆ.

“ಅಂವಾ ಏನ ಅಳ್ತಾನ,” ಎಂದಳು ಮಹಾದೇವಿಯ ಚಿಗವ್ವ. “ಅಂವನ ಕಣ್ಣೀರು ಆ ಡಬ್ಬಿ ಕುಡೀತೈತಿ.”

ಲೀಲಾ ಅದನ್ನು ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ. ಸುಳ್ಳೇಕೆ ಹೇಳಲಿ, ನನಗೆ ಹಗುರಾಯಿತು. ಒಂದು ಕಾರಣ ಸಿಕ್ಕಿತ್ತು.

ಶುಕ್ರವಾರ, ಮೂರನೇ ದಿನ, ಸಮಾಧಿಗೆ ಹಾಲು-ತುಪ್ಪ ಎರೆದು ಬಂದೆವು. ಉಂಡು ಎಲ್ಲರೂ ಅವರವರ ಊರಿಗೆ ಹೋದರು. ಮಧ್ಯಾಹ್ನ ಇದ್ದಕ್ಕಿದ್ದಂತೆ ನನಗೆ ತಲಬು ಬಂತು, ಹಿಂದೆಂದೂ ಬಂದಿರದ ಹಾಗೆ. ಎದೆ ಹಿಂಡಿತು, ಉಸಿರು ತಡೆತಡೆದು ಬಂತು. ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಇಷ್ಟು ವರ್ಷವಾದರೂ ಮೈ ತನ್ನ ಹೊತ್ತು ಮರೆತಿಲ್ಲ ಅಂದುಕೊಂಡು ತೋಳಿಗೆ ಮೂರು ಸಲ ಬಡಿದೆ. ಹೆಚ್ಚುಹನಿ ಬರಲಿಲ್ಲ. ಮತ್ತೆ ಬಡಿದೆ. ಬರಲಿಲ್ಲ. ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನೆಲದ ಮೇಲೆ ಬಿದ್ದುಕೊಂಡೆ. ಹೊರಗೆ ಫೋನು ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. ಎರಡು ತಾಸಿನ ಮೇಲೆ ಅದು ತಾನಾಗಿಯೇ ಇಳಿಯಿತು.

ಮತ್ತೊಂದು ವಾರ ಕಳೆಯಿತು. ಲೀಲಾಗೆ ಹದಿನೆಂಟು, ಪಿಯುಸಿ ಮುಗಿಸಿದ್ದಾಳೆ. ನಾನು ಚಹಾ ಸೋಸುತ್ತಿದ್ದಾಗ ಬಂದು ನಿಂತಳು.

“ಅಪ್ಪಾ, ಐತವಾರ ಮಾವ ಬರ್ತಾನ. ನಾ ಅವನ ಕೂಡ ಗದಗಿಗೆ ಹೊಂಟೀನಿ. ಅಲ್ಲೇ ಡಿಗ್ರಿಗೆ ಹಚ್ಚತೀನಿ ಅಂದಾನ.”

“ಯಾವಾಗ ತಿರುಗಿ ಬರ್ತಿ?”

“ಬರೂದಿಲ್ಲ.”

“ದೊಡ್ಡ ಬ್ಯಾಗ್ ಬೇಕಾಗತೈತೇನು? ಅಟ್ಟದ ಮ್ಯಾಲೆ ಐತಿ.”

ಅವಳು ನನ್ನನ್ನೇ ನೋಡಿದಳು. “ನಾ ಹೋಗ್ತೀನಿ ಅಂದ್ರ ನಿನಗ ಹೆಂಗ ಅನಸ್ತೈತಿ ಅಂತ ನಾ ಕಾಯಾಕತ್ತೀನಿ. ನೀ ಬ್ಯಾಗಿನ ಮಾತು ಆಡ್ತಿ.”

ಲೀಲಾ ಹೋಗುವುದು ನನಗೆ ಬೇಡವಾಗಿತ್ತು. ಆ ಮನೆಯಲ್ಲಿ ನಾನು ಒಬ್ಬನೇ ಉಳಿದರೆ ಎಷ್ಟು ದಿನ ನೆಟ್ಟಗಿರುತ್ತೇನೆ ಎಂಬುದೂ ಗೊತ್ತಿತ್ತು. ಆದರೆ ಅದು ಎಲ್ಲೋ ಇರುವ ಊರಿನ ಹೆಸರು ಗೊತ್ತಿರುವ ಹಾಗೆ ಗೊತ್ತಿತ್ತು. ಬಾಯಿಗೆ ಬರಲಿಲ್ಲ.

“ಆ ಡಬ್ಬಿ ತಗಸು,” ಎಂದಳು. “ತಗಸಿ ಅವ್ವಗ ಒಮ್ಮೆರೆ ಅಳು. ಹಂಗಾದ್ರ ನಾ ಇರ್ತೀನಿ.”

“ತಗಸಿದ್ರ ಮೆಹಬೂಬ ಹೋದಂಗ ನಾನೂ ಹೋಗಬಹುದವಾ.”

“ಈಗರೆ ಎಲ್ಲಿ ಅದಿ ನೀ?”

ಚಹಾ ಆರಿತು, ಇಬ್ಬರೂ ಕುಡಿಯಲಿಲ್ಲ.

ಶನಿವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ನಿಗಾ ಕೋಣೆ ಎಂದರೆ ದೊಡ್ಡದೇನೋ ಇರುತ್ತದೆ ಎಂದು ಜನ ತಿಳಿಯುತ್ತಾರೆ. ಹಳೆಯ ಎಕ್ಸ್‌ರೇ ಕೋಣೆ ಅದು, ಕಿಟಕಿಗೆ ಇನ್ನೂ ಕರಿ ಬಣ್ಣ ಇದೆ. ಗೋಡೆಗೆ ಎಂಟು ಪರದೆ, ಮೇಜಿನ ಮೇಲೆ ಒಂದು ಫ್ಯಾನು, ಸ್ಟೀಲಿನ ಊಟದ ಡಬ್ಬಿ. ಪರದೆಗಳ ಮೇಲೆ ನಮ್ಮೂರಿನ ನೂರಾರು ಎದೆಗಳು ಸಣ್ಣ ಹಸಿರು ಗೆರೆಗಳಾಗಿ ಓಡುತ್ತಿದ್ದವು. ಎಸ್ತರ್ ಸಿಸ್ಟರ್ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. ಅವರಿಗೆ ಈಗ ಕೂದಲೆಲ್ಲ ಬೆಳ್ಳಗಾಗಿದೆ.

“ಬಾರಪಾ ಗುರುಸಿದ್ದಪ್ಪ. ಮಹಾದೇವಿದು ಕೇಳಿದ್ನಿ. ಬರಾಕ ಆಗಲಿಲ್ಲ, ಡ್ಯೂಟಿ ಇತ್ತು.”

“ಎರಡು ಕೆಲಸ ಅದಾವ್ರಿ ಸಿಸ್ಟರ್. ಹಿಂದಿನ ಶುಕ್ರವಾರ ನಾ ಬಡದ್ರೂ ಹನಿ ಕೊಡಲಿಲ್ಲ, ಅದಕ್ಕೊಂದು ದೂರು ಬರಕೊಡಬೇಕು. ಇನ್ನೊಂದು, ಈ ಡಬ್ಬಿ ತಗಸಬೇಕು.”

“ಹನಿ ಕೊಡಲಿಲ್ಲ ಅಂತ ಜಗಳ, ಹನೀನ ಬ್ಯಾಡ ಅಂತ ಅರ್ಜಿ. ಎರಡೂ ಒಂದ ಕಾಗದದಾಗ ಬರೀತಿ ಏನು?”

ನಾನು ನಗಲಿಲ್ಲ. ಲೀಲಾ ಹೇಳಿದ್ದನ್ನು ಹೇಳಿದೆ. ಅವರೂ ನಗುವುದನ್ನು ಬಿಟ್ಟು ಕುರ್ಚಿ ಎಳೆದು ಕೊಟ್ಟರು. ಒಂದು ಪರದೆಯಲ್ಲಿ ನನ್ನ ಹೆಸರು ತೆಗೆದರು.

“ನೋಡು, ಇದು ಮಂಗಳವಾರ. ಇದು ಬುಧವಾರ, ಮಣ್ಣು ಮಾಡಿದ್ದು.”

ಎರಡೂ ದಿನದ ಗೆರೆಗಳು ಸಪಾಟಾಗಿದ್ದವು.

“ಎಷ್ಟು ಹೆಚ್ಚುಹನಿ ಹೋಗ್ಯಾವ್ರಿ?”

“ಒಂದೂ ಇಲ್ಲ. ಯಂತ್ರ ಕೇಳೇ ಇಲ್ಲ. ದಿನಾ ಹೋಗೂದಷ್ಟ ಹೋಗೇತಿ.”

“ಹಂಗಾದ್ರ ನಾ ಅಳದಿದ್ದದ್ದು ಔಷಧದಿಂದ ಅಲ್ಲ?”

“ಔಷಧ ಸ್ವಲ್ಪ ಮಂಕ ಮಾಡತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ನಿನ್ನಷ್ಟ ಡೋಸ್ ತಗೊಳ್ಳೋ ಇನ್ನೊಬ್ಬಾಕಿ ಇದ್ದಾಳ, ನಾಯಿ ಸತ್ತರ ಮೂರು ದಿನ ಅತ್ತಾಳ. ಎಲ್ಲಾ ಅದರ ತಲೀ ಮ್ಯಾಲೆ ಹಾಕಬ್ಯಾಡ.”

ಹತ್ತು ದಿನದಿಂದ ನಾನು ಒರಗಿಕೊಂಡಿದ್ದ ಗೋಡೆಯನ್ನು ಅವರು ತೆಗೆದುಬಿಟ್ಟರು. ಡಬ್ಬಿ ತೆಗೆಸಿದರೂ ನಾನು ಅಳಲಾರೆ, ಮಗಳು ಹೇಗೂ ಹೋಗುತ್ತಾಳೆ. ಎದ್ದು ಹೋಗಬೇಕೆನಿಸಿತು. ಸಿಸ್ಟರ್ ಬೆರಳಿನಿಂದ ಪರದೆ ಸರಿಸಿದರು.

“ಇದು ಶುಕ್ರವಾರ. ಮೂರು ಐವತ್ತು.”

ಅಲ್ಲಿ ಗೆರೆಗಳು ಒಮ್ಮೆಲೇ ಎದ್ದು ನಿಂತಿದ್ದವು. ಪಕ್ಕದಲ್ಲಿ ಯಂತ್ರ ಬರೆದಿತ್ತು: ತಲಬು, ತೀವ್ರ, ಹೆಚ್ಚುಹನಿ ಕೊಡಬಹುದು. ಅದರ ಕೆಳಗೆ ಕೆಂಪಕ್ಷರದಲ್ಲಿ: ನಿರಾಕರಿಸಲಾಗಿದೆ, ಎಸ್ತರ್.

“ಯಂತ್ರ ತಲಬು ಅಂತು. ನೀನೂ ತಲಬು ಅಂತ ಬಡದಿ. ನಾ ಒಬ್ಬಾಕಿ ಅಲ್ಲ ಅಂದ್ನಿ.” ಅವರು ಕನ್ನಡಕ ಇಳಿಸಿಕೊಂಡರು. “ತಲಬು ಒಮ್ಮೆಲೇ ಜಿಗಿಯೂದಿಲ್ಲಪಾ. ತಾಸುಗಟ್ಟಲೆ ಏರತೈತಿ. ಮೊದಲ ಬೆವರು, ಆಮ್ಯಾಲೆ ಮೈ ಥಂಡಿ, ಆಕಳಿಕಿ. ಇದು ಒಂದು ನಿಮಿಷದಾಗ ಎದ್ದೇತಿ, ಬರೇ ಎದಿ ಮತ್ತ ಉಸಿರು. ಇಲ್ನೋಡು, ಉಸಿರು ತಡದು, ತಡದು, ತಡದು ಒಳಗ ಹೋಗೇತಿ. ಯಾವಾಗ ಹಿಂಗ ಉಸಿರು ತಗೋತಾರ ಹೇಳು?”

“ನಾಲ್ಕಕ್ಕ ಹತ್ತು ಕಮ್ಮಿ ನನ್ನ ಗುಳಿಗಿ ಹೊತ್ತರಿ ಅದು.”

“ಅದಕ್ಕ ನೀ ಮೋಸ ಹೋದಿ. ಗಡಿಯಾರ ಬಿಡು. ಆಗ ಏನ ಮಾಡಾಕತ್ತಿದ್ದಿ?”

ಏನೂ ಮಾಡುತ್ತಿರಲಿಲ್ಲ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು.

ಸಿಲಿಂಡರ್ ಬಂದಿತ್ತು. ಜಗತ್ತಿನಲ್ಲಿ ಏನೇನೋ ಬದಲಾದರೂ ಸಿಲಿಂಡರಿನವನು ಓಟಿಪಿ ಕೇಳುವುದು ಬದಲಾಗಿಲ್ಲ. ಅವನು ಬಾಗಿಲಲ್ಲಿ ನಿಂತು, “ಮಹಾದೇವಿ ಅವರ ಮನೀ ಇದ ಅಲ್ರಿ? ಅವರನ್ನ ಕರೀರಿ, ಅವರ ಫೋನಿಗೆ ನಂಬರ್ ಬಂದಿರತೈತಿ,” ಎಂದ. ನಾ ತರ್ತೀನಿ ಎಂದು ಒಳಗೆ ಹೋದೆ. ಅವಳ ಫೋನು ಅಡಿಗೆಮನೆಯಲ್ಲಿ, ಮಿಕ್ಸರಿನ ಪಕ್ಕ, ಅವಳು ಚಾರ್ಜಿಗೆ ಹಾಕಿದ್ದಲ್ಲೇ ಇತ್ತು. ಮೂರು ದಿನದಿಂದ ಯಾರೂ ತೆಗೆದಿರಲಿಲ್ಲ. ಪರದೆಯ ಮೇಲೆ ಅವಳಿಗೆ ಒಂದು ಸಂದೇಶ. ಮಹಾದೇವಿ ಅವರೇ, ಸೋಮವಾರ ನೀವು ಕೇಳಿದ್ದ ಸಿಲಿಂಡರ್ ಇಂದು ಬರುತ್ತಿದೆ. ಕೆಳಗೆ ನಾಲ್ಕು ಅಂಕಿ. ನಾನು ಬಾಗಿಲಿಗೆ ಹೋಗಿ ಅದನ್ನು ಓದಿ ಹೇಳಿದೆ. ಅವನು ಖಾಲಿ ಸಿಲಿಂಡರ್ ಹೊತ್ತುಕೊಂಡು ಹೋದ. ನಾನು ಫೋನು ಹಿಡಿದು ಅಲ್ಲೇ ನಿಂತಿದ್ದೆ. ಆಗ ಬಂತು.

ಇಷ್ಟನ್ನು ಸಿಸ್ಟರಿಗೆ ಹೇಳಿದೆ. ಹೇಳುತ್ತಿದ್ದಂತೆ ಪರದೆಯ ತುದಿಯಲ್ಲಿ ನನ್ನ ಈಗಿನ ಗೆರೆ ಏರತೊಡಗಿತು. ನಾವಿಬ್ಬರೂ ಅದನ್ನು ನೋಡಿದೆವು.

“ಅದು ತಲಬು ಅಲ್ಲಪಾ,” ಎಂದರು.

ನನಗೆ ಸಿಟ್ಟು ಬಂತು. ಎಷ್ಟೋ ವರ್ಷದ ಮೇಲೆ ಬಂದ ಸಿಟ್ಟು, ನನ್ನದೇ ಎಂದು ಗುರುತು ಸಿಗಲು ತುಸು ಹೊತ್ತು ಬೇಕಾಯಿತು. “ಎರಡು ತಾಸು ಬಚ್ಚಲದಾಗ ಬಿದ್ದು ಒದ್ದಾಡೀನ್ರಿ ನಾ. ನೀವು ಇಲ್ಲಿ ನೋಡ್ಕೋತ ಕುಂತಿದ್ರಿ.”

“ಹೌದು. ನೋಡ್ಕೋತ ಕುಂತಿದ್ನಿ. ಐದು ಸಲ ಫೋನ್ ಹಚ್ಚಿದ್ನಿ, ನೀ ಎತ್ತಲಿಲ್ಲ. ಉಸಿರು ಕಮ್ಮಿ ಆದ್ರ ಹೋಗ್ರಿ ಅಂತ ಆಂಬುಲೆನ್ಸಿನವರಿಗೆ ಹೇಳಿಟ್ಟಿದ್ನಿ.” ಅವರ ದನಿ ಸಣ್ಣದಾಯಿತು. “ಹನಿ ಕೊಟ್ಟಿದ್ರ ಆ ದುಃಖ ಆರು ನಿಮಿಷದಾಗ ಹೋಗಿಬಿಡ್ತಿತ್ತು. ಮತ್ತ ತಿರುಗಿ ಬರ್ತಿತ್ತೋ ಇಲ್ಲೋ ನನಗ ಗೊತ್ತಿರಲಿಲ್ಲ. ಮಾಡಿದ್ದು ಬರೋಬರಿನೋ ತಪ್ಪೋ, ಅದೂ ಗೊತ್ತಿಲ್ಲ. ದೂರು ಬರೀತಿದ್ರ ಬರಿ. ಯಂತ್ರ ಕೊಡು ಅಂದದ್ದನ್ನ ನಾ ಕೊಟ್ಟಿಲ್ಲ, ಅದಕ್ಕ ನಾನ ಉತ್ತರ ಕೊಡಬೇಕು.”

ಮೇಜಿನ ಮೇಲೆ ಕಾಗದ, ಪೆನ್ನು ಎರಡೂ ಇದ್ದವು. ದೂರನ್ನೂ ಬರೆಯಲಿಲ್ಲ, ಅರ್ಜಿಯನ್ನೂ ಬರೆಯಲಿಲ್ಲ. ಮೂರು ಐವತ್ತರ ಗೆರೆಗಳ ಒಂದು ಪ್ರತಿ ತೆಗೆಸಿಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಲೀಲಾ ಬಟ್ಟೆ ಮಡಚುತ್ತಿದ್ದಳು. ದೊಡ್ಡ ಬ್ಯಾಗು ಅಟ್ಟದಿಂದ ಇಳಿದಿತ್ತು.

“ತಗಸಿದಿ?”

“ಇಲ್ಲ.”

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ಕಾಗದ ಚಾಚಿದೆ. ಕೈಗೂ ತೆಗೆದುಕೊಳ್ಳಲಿಲ್ಲ.

“ನನಗ ಅದರಾಗ ಏನ ತಿಳೀತೈತಿ? ಮೂರನೇ ದಿನ ನೀ ತೋಳ ಬಡಕೊಂಡಿದ್ದು ನಾ ನೋಡೀನಿ. ನಡಮನ್ಯಾಗ ನಿಂತಿದ್ನಿ. ಅವ್ವನ್ನ ಮಣ್ಣಾಗಿಟ್ಟು ಮೂರು ದಿನ ಆಗಿಲ್ಲ, ನಿನಗ ಅದ ಬೇಕಾತು. ಅಳಲಿಲ್ಲ ಅಂತ ನನಗೇನ ಸಿಟ್ಟಿಲ್ಲ ಅಪ್ಪಾ. ಬಡಕೊಂಡಿ ಅಂತ ಸಿಟ್ಟು.”

ಕಾಗದವನ್ನು ನಾನೇ ಮಡಚಿ ಕಿಸೆಯಲ್ಲಿಟ್ಟೆ. ಗೆರೆ ತೋರಿಸಿ ಮಗಳನ್ನು ಉಳಿಸಿಕೊಳ್ಳಬಹುದು ಅಂದುಕೊಂಡದ್ದು ನನ್ನ ದಡ್ಡತನ. ನೆಲದ ಮೇಲೆ ಅವಳ ಎದುರು ಕೂತು ಹೇಳತೊಡಗಿದೆ. ಸಿಲಿಂಡರಿನವನು ಬಂದದ್ದು, ಅವ್ವನನ್ನು ಕರೆಯಿರಿ ಎಂದದ್ದು, ಮಿಕ್ಸರಿನ ಪಕ್ಕದ ಫೋನು, ಸೋಮವಾರ ಅವಳು ಸಿಲಿಂಡರಿಗೆ ಹೇಳಿದ್ದು.

“ಆ ನಂಬರ್ ಓದಿ ಹೇಳಿದ್ನಿ,” ಎಂದೆ. “ಅಂವಾ ಹೋದ. ಆಮ್ಯಾಲೆ ನನಗ ಹಂಗಾತು. ಹಂಗಾದ್ರ ಅದಕ್ಕ ಏನಂತಾರ ಅಂತ ನನಗ ತಿಳೀಲಿಲ್ಲವಾ. ಮೈಯಾಗ ಏನ ಆದ್ರೂ ನನ್ನ ಕಡೆ ಒಂದ ಹೆಸರು ಐತಿ, ತಲಬು. ಅದಕ್ಕ ಬಡಕೊಂಡ್ನಿ. ನನಗ ಗುಳಿಗಿ ಬೇಕಾಗಿರಲಿಲ್ಲ. ನನಗ ನಿಮ್ಮವ್ವ ಬೇಕಾಗಿದ್ಲು.”

ಲೀಲಾಳ ಕೈ ಬಟ್ಟೆಯ ಮೇಲೆ ನಿಂತಿತು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

“ನಂಬರ್ ಎಷ್ಟಿತ್ತು?” ಎಂದು ಕೇಳಿದಳು.

“ನಾಲ್ಕು, ಏಳು, ಏಳು, ಎರಡು.”

ಮಗಳ ಹುಟ್ಟಿದ ತಾರೀಖನ್ನು ಆಸ್ಪತ್ರೆಯ ಫಾರ್ಮಿನಲ್ಲಿ ಎರಡು ಸಲ ತಪ್ಪು ಬರೆದವನು ನಾನು. ನನ್ನ ಫೋನ್ ನಂಬರನ್ನೂ ನೋಡಿಕೊಂಡೇ ಹೇಳುತ್ತೇನೆ. ಅದು ಲೀಲಾಗೆ ಗೊತ್ತಿತ್ತು. ಅವಳು ಮಡಚಿದ ಬಟ್ಟೆಗಳನ್ನು ಬದಿಗೆ ಸರಿಸಿ, ಮುಖ ಮುಚ್ಚಿಕೊಂಡು ಅತ್ತಳು. ನಾನು ಪಕ್ಕಕ್ಕೆ ಹೋಗಿ ಕೂತೆ. ಆಗಲೂ ನನ್ನ ಕಣ್ಣುಗಳು ಒಣಗಿಯೇ ಇದ್ದವು, ಎದೆ ಮಾತ್ರ ಹಿಂಡುತ್ತಿತ್ತು. ತೋಳನ್ನು ಮುಟ್ಟಲಿಲ್ಲ.

ತುಸು ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡಳು.

“ಮುಂದಿನ ಸಿಲಿಂಡರಿಗೆ ನನ್ನ ನಂಬರ್ ಹಚ್ಚು. ನನ್ನ ಫೋನಿಗೆ ಬರಲಿ.”

ನಮ್ಮ ಮನೆಯಲ್ಲಿ ಒಂದು ಸಿಲಿಂಡರ್ ಎರಡು ತಿಂಗಳು ಬರುತ್ತದೆ. ಅಲ್ಲಿಯವರೆಗೂ ತಾನು ಇಲ್ಲೇ ಇರುತ್ತೇನೆ ಎಂದು ಅವಳು ಹೇಳಿದ್ದು ನನಗೆ ತಡವಾಗಿ ಹೊಳೆಯಿತು.

“ಬ್ಯಾಡವಾ,” ಎಂದೆ. “ಅವ್ವನ ನಂಬರ್ ಇರಲಿ.”

“ಮತ್ತ ನಿನಗ ಹಂಗ ಆದ್ರ?”

“ಆಗಲಿ.”